ನೀರು ಬಿಡುವವನಿಗೆ ಪಂಚಾಯತ್‌ನಲ್ಲಿ ಕುರ್ಚಿ ಎಲ್ಲಿ?

ಹಿಂದಿಯಲ್ಲಿ 'ಪಂಚಾಯತ್' ಎಂಬ ಧಾರಾವಾಹಿ 2020ರಲ್ಲಿ ಬಂತು. ಕೊರೋನಾ ಲಾಕ್‌ಡೌನಿನ ದಿನಗಳಲ್ಲಿ ಅದನ್ನು ಮೊಬೈಲಿನಲ್ಲಿ ನೋಡಿ ನಕ್ಕವರು ನಮ್ಮ ನಡುವೆಯೂ ಬಹಳ ಮಂದಿ ಇದ್ದಾರೆ. ಪೇಟೆಯ ಹುಡುಗ ಅಭಿಷೇಕ್ ತ್ರಿಪಾಠಿ ಬೇರೆ ಒಳ್ಳೆಯ ಕೆಲಸ ಸಿಗದೆ ಉತ್ತರ ಪ್ರದೇಶದ ಫುಲೇರಾ ಎಂಬ ಹಳ್ಳಿಗೆ ಪಂಚಾಯತ್ ಕಾರ್ಯದರ್ಶಿಯಾಗಿ ಬರುತ್ತಾನೆ. ಬಂದ ದಿನವೇ ಕಚೇರಿಯ ಬೀಗದ ಕೈ ಕಾಣೆ. ಮುಂದೆ ಅವನು ತರಿಸಿಕೊಂಡ ಚಕ್ರದ ಕುರ್ಚಿಯೊಂದೇ ದೊಡ್ಡ ರಗಳೆಯಾಗುತ್ತದೆ. ಚುನಾಯಿತ ಪ್ರಧಾನರು ಮಂಜುದೇವಿ, ಆದರೆ ಅಧಿಕಾರ ನಡೆಸುವುದು ಅವರ ಗಂಡ. ಧಾರಾವಾಹಿಗೆ ಒಂದು ದೊಡ್ಡ ಗುಣವಿದೆ. ಹಳ್ಳಿಯವರನ್ನು ಅದು ಮೂರ್ಖರಂತೆಯೂ ತೋರಿಸುವುದಿಲ್ಲ, ಸಂತರಂತೆಯೂ ತೋರಿಸುವುದಿಲ್ಲ. ನಮ್ಮ ಸಿನಿಮಾಗಳಲ್ಲಿ ಇದು ಅಪರೂಪ.

ಆದರೆ ಎರಡನೇ ಸಲ ನೋಡುವಾಗ ನನಗೊಂದು ಕೊರತೆ ಕಂಡಿತು. ಕಥೆಯೆಲ್ಲ ಕಾರ್ಯದರ್ಶಿಯ ಕುರ್ಚಿಯಿಂದ ಕಾಣುವ ಕಥೆ. ಆ ಹುಡುಗನಿಗೆ ಹಳ್ಳಿಯೆಂದರೆ ಮುಂದಿನ ಪರೀಕ್ಷೆ ಪಾಸಾಗುವ ತನಕ ಕುಳಿತಿರುವ ಬಸ್ ನಿಲ್ದಾಣ. ಅವನ ಸಹಾಯಕ ವಿಕಾಸ್ ಒಳ್ಳೆಯ ಪಾತ್ರ, ಆದರೆ ಅವನು ಗೆಳೆಯನಾಗಿ ಬರುತ್ತಾನೆಯೇ ಹೊರತು ಕೆಲಸಗಾರನಾಗಿ ಬರುವುದು ಕಡಿಮೆ. ಊರಿಗೆ ನೀರು ಬಿಡುವುದು ಯಾರು, ಚರಂಡಿ ತೆಗೆಯುವುದು ಯಾರು, ಅವರಿಗೆ ಸಂಬಳ ಬಂದಿದೆಯೇ ಎಂಬುದು ಕಥೆಯ ಕೇಂದ್ರಕ್ಕೆ ಬರುವುದೇ ಇಲ್ಲ. ಇದು ಹಿಂದಿಯವರ ದೋಷ ಮಾತ್ರವಲ್ಲ. ರಾವಬಹಾದ್ದೂರರ 'ಗ್ರಾಮಾಯಣ' (1957) ಓದಿದವರಿಗೆ ಹಳ್ಳಿಯ ರಾಜಕೀಯದ ಒಳಸುಳಿ ಗೊತ್ತು. 2015ರ 'ತಿಥಿ' ಸಿನಿಮಾದಲ್ಲಿ ಬದುಕಿರುವ ತಂದೆಗೇ ಮರಣ ಪತ್ರ ಮಾಡಿಸಲು ಮಗ ಕಾಗದದ ದಾರಿ ಹುಡುಕುವುದನ್ನು ನೋಡಿದ್ದೇವೆ. ಗೌಡ, ಶಾನುಭೋಗ, ಛೇರ್ಮನ್, ಗುಮಾಸ್ತ ಇವರೆಲ್ಲ ನಮ್ಮ ಸಾಹಿತ್ಯಕ್ಕೆ ಚಿರಪರಿಚಿತರು. ನೀರುಗಂಟಿ ಮಾತ್ರ ಕಥೆಯ ಅಂಚಿನಲ್ಲಿ ಒಮ್ಮೆ ಹಾದು ಹೋಗುತ್ತಾನೆ.

ಈ ಕೊರತೆ ಕಲೆಯದ್ದಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ನಮ್ಮ ಕಾನೂನಿಗೂ, ಅನುದಾನದ ಲೆಕ್ಕಕ್ಕೂ, ವಿಕೇಂದ್ರೀಕರಣದ ಬಗ್ಗೆ ನಾವು ಮಾಡುವ ಭಾಷಣಗಳಿಗೂ ಇದೇ ಕುರುಡು ಇದೆ. ಅದನ್ನು ನೋಡಲು ಫುಲೇರಾಕ್ಕೆ ಹೋಗಬೇಕಾಗಿಲ್ಲ. ಕೊಡಗಿನ ಕಕ್ಕಬೆ ಸಾಕು.

ನಾಪೋಕ್ಲಿನಿಂದ ಬಸ್ಸು ಹತ್ತಿದರೆ ಕಾಫಿ ತೋಟ, ಗದ್ದೆ, ಏರು, ತಿರುವು. ಕಕ್ಕಬೆ ಒಂದು ಸಣ್ಣ ಪೇಟೆ. ಸುತ್ತ ಕುಂಜಿಲ, ಯವಕಪಾಡಿ, ಮರಂದೋಡದಂಥ ಗ್ರಾಮಗಳು. ಒಂದು ಕಡೆ ಪಾಡಿ ಇಗ್ಗುತ್ತಪ್ಪ ದೇವಸ್ಥಾನ. ಇನ್ನೊಂದು ಕಡೆ ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ. ಅದರ ಮೇಲೆ 1748 ಮೀಟರ್ ಎತ್ತರದ ತಡಿಯಂಡಮೋಳ್. ಕೊಡವರು, ಮಾಪಿಳ್ಳೆಗಳು, ಕುಡಿಯರು, ತೋಟದ ಲೈನ್ ಮನೆಗಳಲ್ಲಿ ಬೇರೆ ಬೇರೆ ಊರುಗಳಿಂದ ಬಂದ ಕೂಲಿಕಾರರು, ಎಲ್ಲರೂ ಇಲ್ಲಿನವರೇ. ಬಯಲುಸೀಮೆಯ ಊರಿನಂತೆ ಮನೆಗೆ ಮನೆ ಅಂಟಿಕೊಂಡಿರುವುದಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದು ಗುಡ್ಡ ಹತ್ತಿ ಇಳಿಯಬೇಕು. ಕಾನೂನು ಕೂಡ ಇದನ್ನು ಅಲ್ಪಸ್ವಲ್ಪ ಗುರುತಿಸಿದೆ. ರಾಜ್ಯದ ಬೇರೆ ಕಡೆ ಒಂದು ಗ್ರಾಮ ಪಂಚಾಯತ್‌ಗೆ 5 ಸಾವಿರದಿಂದ 7 ಸಾವಿರ ಜನ ಇರಬೇಕೆಂದ 1993ರ ಕಾಯಿದೆ, ಕೊಡಗಿನಂಥ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕು ಎಂದಿತು. ಅಲ್ಲಿಗೆ ಅದರ ಭೂಗೋಳ ಜ್ಞಾನ ಮುಗಿಯಿತು.

ಇಂಥ ಬೆಟ್ಟದ ಊರಿನಲ್ಲಿ ನೀರಿನ ಕೆಲಸ ಹೇಗಿರುತ್ತದೆ ಎಂದು ಯೋಚಿಸಿ. ತೊರೆಗೆ ಕಟ್ಟೆ ಕಟ್ಟಿ ಪೈಪಿನಲ್ಲಿ ಇಳಿಸುವುದಿರಬಹುದು, ಬಾವಿಯಿಂದ ಟ್ಯಾಂಕಿಗೆ ಏರಿಸುವುದಿರಬಹುದು, ಪೈಪು ಯಾರ ತೋಟದ ಬೇಲಿಯಡಿ ಹಾದು ಹೋಗುತ್ತದೆ, ಯಾವ ತಿರುವಿನಲ್ಲಿ ವಾಲ್ವ್ ಮಣ್ಣಿನಡಿ ಹೂತಿದೆ, ಆನೆ ಯಾವ ಕಡೆ ತುಳಿದು ಒಡೆಯುತ್ತದೆ, ಜೂನ್ ಜುಲೈ ಮಳೆಗೆ ಕರೆಂಟು ಮೂರು ದಿನ ಹೋದರೆ ಯಾವ ಕಾಲನಿಗೆ ಮೊದಲು ನೀರು ಬಿಡಬೇಕು, ಇದು ಯಾವ ಕಡತದಲ್ಲೂ ಇರುವುದಿಲ್ಲ. ಇದು ಒಬ್ಬನ ತಲೆಯಲ್ಲಿರುತ್ತದೆ. ಸರಕಾರದ ಕಾಗದದಲ್ಲಿ ಅವನು ನೀರುಗಂಟಿ, ಜನರ ಬಾಯಲ್ಲಿ ವಾಟರ್‌ಮ್ಯಾನ್. ಅವನೇ ಎಷ್ಟೋ ಕಡೆ ಬೀದಿ ದೀಪದವನು, ನೋಟಿಸು ಹಂಚುವವನು, ಗ್ರಾಮಸಭೆಯ ದಿನ ಪೆಂಡಾಲು ಹಾಕುವವನು.

ಅವನ ಮೇಲಿರುವವರನ್ನು ನೋಡಿ. ಕೊಡಗಿನ ಗ್ರಾಮ ಪಂಚಾಯತ್‌ಗಳಿಗೆ 2020ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ಆಯ್ಕೆಯಾದವರಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು, ಆಮೇಲೆ ಮೀಸಲಾತಿ ಬದಲಾಗಿ ಇನ್ನೊಬ್ಬರು. ಅಧಿಕಾರ ಕೈಯಿಂದ ಕೈಗೆ ಹೋಗುವುದು ಒಳ್ಳೆಯದೇ. ಅದಿಲ್ಲದಿದ್ದರೆ ಎಷ್ಟೋ ಮಹಿಳೆಯರು, ದಲಿತರು, ಬುಡಕಟ್ಟಿನವರು ಆ ಕುರ್ಚಿಯನ್ನು ದೂರದಿಂದ ನೋಡುತ್ತಲೇ ಇರಬೇಕಾಗಿತ್ತು. ಆದರೆ ಅಧ್ಯಕ್ಷರು ಕೆಲಸ ಕಲಿಯುವ ಹೊತ್ತಿಗೆ ಅವಧಿ ಮುಗಿಯುತ್ತದೆ ಎಂಬುದೂ ನಿಜ. ಪಂಚಾಯತ್ ಅಭಿವೃದ್ಧಿ ಅಧಿಕಾರಿಯನ್ನು, ನಾವೆಲ್ಲ ಪಿಡಿಒ ಎನ್ನುವವರನ್ನು, ವರ್ಗ ಮಾಡಲಾಗುತ್ತದೆ. ಒಬ್ಬರಿಗೇ ಎರಡು ಪಂಚಾಯತ್‌ಗಳ ಪ್ರಭಾರ ಇರುವುದೂ ಉಂಟು. ತಾಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳ ಕಥೆ ಇನ್ನೂ ವಿಚಿತ್ರ. 2016ರಲ್ಲಿ ಆಯ್ಕೆಯಾದವರ ಅವಧಿ 2021ಕ್ಕೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳು ಕೂತರು. ಹೀಗೆ ಮೇಲಿನವರೆಲ್ಲ ಬಂದು ಹೋಗುವವರು. ಉಳಿಯುವವರು ನೀರುಗಂಟಿ, ಬಿಲ್ ಕಲೆಕ್ಟರ್, ಗುಮಾಸ್ತ, ಅಟೆಂಡರ್, ಗುಡಿಸುವವರು. ಪಂಚಾಯತ್ ಎಂಬ ಸಂಸ್ಥೆಗೆ ನೆನಪು ಅಂತ ಒಂದಿದ್ದರೆ ಅದು ಇವರ ಬಳಿ ಇದೆ. ಅತಿ ಕಡಿಮೆ ಸಂಬಳದವರ ಕೈಯಲ್ಲಿ ಸಂಸ್ಥೆಯ ನೆನಪನ್ನು ಇಟ್ಟು, ಅವರನ್ನೇ ತಾತ್ಕಾಲಿಕರೆಂದು ನೋಡುವ ವ್ಯವಸ್ಥೆಯನ್ನು ನಾವು ಸ್ಥಳೀಯ ಸರಕಾರ ಎಂದು ಕರೆಯುತ್ತಿದ್ದೇವೆ.

ಇವರ ನೇಮಕ ಮಾಡುವುದು ಪಂಚಾಯತ್, ಒಪ್ಪಬೇಕಾದದ್ದು ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. ಈ ಎರಡರ ನಡುವೆ ಒಂದು ದೊಡ್ಡ ಕಂದಕ. 'ಅನುಮೋದನೆ' ಎಂಬ ಶಬ್ದ ಪಂಚಾಯತ್ ನೌಕರರ ಬದುಕಿನಲ್ಲಿ ಎಷ್ಟು ಭಾರವಾದದ್ದು ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅನುಮೋದನೆ ಆಗದವನು ವರ್ಷಾನುವರ್ಷ ನೀರು ಬಿಟ್ಟರೂ ಸರಕಾರದ ಕಣ್ಣಿಗೆ ಇಲ್ಲದವನು. ಹಿಂದೆ ಸಂಬಳ ಪಂಚಾಯತ್‌ನ ತೆರಿಗೆಯಿಂದ ಬರಬೇಕಿತ್ತು. ಮನೆಕಂದಾಯ ವಸೂಲಾದರೆ ಸಂಬಳ, ಇಲ್ಲದಿದ್ದರೆ ಬಾಕಿ. ಬಿಲ್ ಕಲೆಕ್ಟರನ ಸಂಬಳ ಅವನೇ ವಸೂಲು ಮಾಡುವ ಕಂದಾಯದ ಮೇಲೆ ನಿಂತಿತ್ತು ಎಂದರೆ ಪರಿಸ್ಥಿತಿ ಅರ್ಥವಾದೀತು. ನಂತರ ಕನಿಷ್ಠ ವೇತನ ಗೊತ್ತುಪಡಿಸಿ, ರಾಜ್ಯ ಸರಕಾರವೇ ಬ್ಯಾಂಕ್ ಖಾತೆಗೆ ನೇರವಾಗಿ ಹಣ ಹಾಕುವ ಕ್ರಮ ಬಂತು. ಇದು ದೊಡ್ಡ ಬದಲಾವಣೆ, ಒಪ್ಪಿಕೊಳ್ಳಬೇಕು. ಆದರೆ ಈಗ ಕಂಪ್ಯೂಟರಿನ 'ಪಂಚತಂತ್ರ'ದಲ್ಲಿ ಹೆಸರು ಸೇರಿದವನಿಗೆ ಸಂಬಳ, ಸೇರದವನಿಗೆ ಇಲ್ಲ. ಹೆಸರು ಸೇರಲು ಮತ್ತದೇ ಅನುಮೋದನೆ. ಸರಕಾರಿ ನೌಕರನಿಗೆ ಇರುವಂಥ ಪಿಂಚಣಿ ಇವರಿಗಿಲ್ಲ. ಪಿಡಿಒಗಳಿಂದ ಹಿಡಿದು ನೀರುಗಂಟಿಗಳ ವರೆಗೆ ಎಲ್ಲರೂ 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಂದು ಕೂತದ್ದು ಸುಮ್ಮನೆ ಅಲ್ಲ.

ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿ ಅವರು 1983ರ ಕಾಯಿದೆಯನ್ನು ತಂದರು. 1987ರಲ್ಲಿ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತ್‌ಗಳೂ ಬಂದವು. ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಾಯಿತು. ದೇಶಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಮೊದಲಿನ ಮಾತಿದು. ಅವರು 1988ರಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆ ಇಂದಿಗೂ ಅವರ ಹೆಸರಿನಲ್ಲಿದೆ. ಆದರೆ ಜನ ಅವರನ್ನು ನೆನಪಿಟ್ಟದ್ದು ಕಾಯಿದೆಗಾಗಿ ಅಲ್ಲ, ಊರೂರಿಗೆ ಕೊರೆಸಿದ ಕೊಳವೆ ಬಾವಿಗಾಗಿ. 'ನೀರ್ ಸಾಬ್' ಎಂಬ ಹೆಸರು ಯಾವ ಸರಕಾರವೂ ಕೊಟ್ಟದ್ದಲ್ಲ. ನಮ್ಮಲ್ಲಿ ನಜೀರ್ ಸಾಬರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಮುಸ್ಲಿಂ ಹೆಸರು ಕರ್ನಾಟಕದ ಚರಿತ್ರೆಯಲ್ಲಿದೆ ಎಂಬ ಹೆಮ್ಮೆಯಲ್ಲಿ ನಿಲ್ಲುತ್ತಾರೆ. ನಾನೂ ಹಾಗೆ ಬರೆದಿದ್ದೇನೆ. ಆದರೆ ನೀರ್ ಸಾಬ್ ಕೊರೆಸಿದ ಬಾವಿಯಿಂದ ಇಷ್ಟು ವರ್ಷ ನೀರು ಬರುತ್ತಾ ಇರುವುದು ನೀರುಗಂಟಿಯಿಂದ. ಮೊದಲನೆಯವರಿಗೆ ಸಂಸ್ಥೆ, ಜಯಂತಿ. ಎರಡನೆಯವನಿಗೆ ಅನುಮೋದನೆಯ ಕಡತ. ವಿಕೇಂದ್ರೀಕರಣವು ಅಧಿಕಾರವನ್ನು ಬೆಂಗಳೂರಿನಿಂದ ಊರಿಗೆ ಇಳಿಸುವ ಬಗ್ಗೆ ಯೋಚಿಸಿದಷ್ಟು, ಆ ಅಧಿಕಾರವನ್ನು ಊರಿನಲ್ಲಿ ಹೊತ್ತು ತಿರುಗುವ ಕೈಗಳ ಬಗ್ಗೆ ಯೋಚಿಸಲಿಲ್ಲ.

ಕೊಡಗಿನ ಹಳೆಯ ವ್ಯವಸ್ಥೆಯಲ್ಲಿ ಈ ನೆನಪಿನ ಪ್ರಶ್ನೆಗೆ ಒಂದು ಉತ್ತರವಿತ್ತು. ಪುತ್ತರಿಯ ದಿನ, ಕದಿರು ತೆಗೆಯುವ ಗಳಿಗೆಯನ್ನು ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ಕೂಡಿ ಗೊತ್ತುಮಾಡುತ್ತಾರೆ. ಅಲ್ಲಿ ತಕ್ಕರು ಯಾರು, ಯಾವ ಕೆಲಸ ಯಾವ ಮನೆತನದ್ದು, ವಾದ್ಯ ಯಾರದ್ದು ಎಂಬುದೆಲ್ಲ ಎಂದೋ ತೀರ್ಮಾನವಾದದ್ದು. ಕಡತ ಬೇಡ, ಅನುಮೋದನೆ ಬೇಡ. ಇದನ್ನು ನೋಡಿ ಮರುಳಾಗುವ ಪ್ರವಾಸಿ ಲೇಖಕರು ಬಹಳ. ಆದರೆ ಆ ನೆನಪು ಹುಟ್ಟಿನ ಮೇಲೆ ನಿಂತದ್ದು. ತಕ್ಕನ ಮಗನಿಗೆ ಗೌರವ ಹುಟ್ಟಿನಿಂದ ಬರುವ ಹಾಗೆಯೇ, ಕೆಳಗಿನ ಕೆಲಸದವನ ಮಗನಿಗೆ ಕೆಳಗಿನ ಕೆಲಸವೂ ಹುಟ್ಟಿನಿಂದ ಬರುತ್ತಿತ್ತು. ಪೂಜೆಯಲ್ಲಿ ಅದು ಉಳಿದರೆ ಅದು ಭಕ್ತರ ವಿಷಯ, ಆಡಳಿತದಲ್ಲಿ ಅದು ಬೇಡವೆಂದೇ ನಾವು ಓಟಿನ ಪಂಚಾಯತ್ ತಂದೆವು. ಸರಿಯಾಗಿಯೇ ತಂದೆವು. ಆದರೆ ಹುಟ್ಟಿನ ಹಕ್ಕನ್ನು ತೆಗೆದ ಮೇಲೆ ಅದರ ಜಾಗದಲ್ಲಿ ನೌಕರಿಯ ಹಕ್ಕನ್ನು ಇಡಬೇಕಿತ್ತು. ಮೇಲಿನವರಿಗೆ ಇಟ್ಟೆವು. ಕೆಳಗಿನ ಕೆಲಸಕ್ಕೆ ಹಳೆಯ ಹಕ್ಕೂ ಹೋಯಿತು, ಹೊಸ ಹಕ್ಕೂ ಬರಲಿಲ್ಲ. ಕಸ ಗುಡಿಸುವ ಕೆಲಸಕ್ಕೆ ಮಾತ್ರ ಇವತ್ತಿಗೂ ಯಾವ ಕೇರಿಯಿಂದ ಜನ ಬರುತ್ತಾರೆ ಎಂದು ಓದುಗರು ತಮ್ಮ ತಮ್ಮ ಪಂಚಾಯತ್‌ನಲ್ಲಿ ನೋಡಿಕೊಳ್ಳಲಿ.

ಇನ್ನು ಹಣದ ಲೆಕ್ಕ. ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇ. 90, ವಿಸ್ತೀರ್ಣಕ್ಕೆ ಶೇ. 10 ತೂಕ ಕೊಟ್ಟಿತು. ಪಂಚಾಯತ್ ಬಗ್ಗೆ ಮೇಲಿನವರು ಯೋಚಿಸುವ ರೀತಿಯೇ ಇದು: ತಲೆ ಎಣಿಸುವುದು. ಎಣಿಸುವುದಕ್ಕೂ 2011ರ ಜನಗಣತಿಯ ತಲೆಗಳು. ಆದರೆ ಪೈಪು ಹೋಗುವುದು ತಲೆಯ ಮೇಲಲ್ಲ, ನೆಲದ ಮೇಲೆ. ಹತ್ತು ಮನೆಗೆ ನೀರು ಕೊಡಲು ಬಯಲಿನಲ್ಲಿ ಒಂದು ಬೀದಿ ಸಾಕು, ಕಕ್ಕಬೆಯ ಕಡೆ ಒಂದು ಗುಡ್ಡ ಬೇಕು. ಬಂದ ಹಣದಲ್ಲೂ 2021ರ ನಂತರದ ಐದು ವರ್ಷ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದ ಶೇ. 40ರಲ್ಲಿ ಊರಿನ ಬುದ್ಧಿವಂತಿಕೆಗೆ ಅವಕಾಶ.

ತಲೆ ಎಣಿಕೆಗೆ ಸಿಗದ ಎರಡು ಬಗೆಯ ಜನ ಕಕ್ಕಬೆಯಲ್ಲಿ ಇದ್ದಾರೆ. ಒಬ್ಬರು ಶನಿವಾರ ಬಂದು ಭಾನುವಾರ ಹೋಗುವವರು. ಹೋಂಸ್ಟೇ, ರೆಸಾರ್ಟು, ತಡಿಯಂಡಮೋಳ್ ಚಾರಣ. ಬೆಟ್ಟ ಹತ್ತುವ ಶುಲ್ಕ ಅರಣ್ಯ ಇಲಾಖೆಯ ಲೆಕ್ಕಕ್ಕೆ, ಕೆಳಗೆ ರಸ್ತೆ ಬದಿಯ ಬಾಟಲಿ, ಪ್ಲಾಸ್ಟಿಕ್ ತಟ್ಟೆಗಳು ಪಂಚಾಯತ್‌ನ ಲೆಕ್ಕಕ್ಕೆ. ಇನ್ನೊಬ್ಬರು ಲೈನ್ ಮನೆಯವರು. ತೋಟದ ಕೂಲಿಕಾರರಿಗೆ ಮನೆ, ನೀರು ಕೊಡುವ ಹೊಣೆಯನ್ನು 1951ರ ಕಾಯಿದೆ ತೋಟದ ಧಣಿಯ ಮೇಲೆ ಹೊರಿಸಿತು. ಅದೂ 5 ಹೆಕ್ಟೇರಿಗಿಂತ ದೊಡ್ಡ, 15 ಮಂದಿ ಕೆಲಸಗಾರರಿರುವ ತೋಟಗಳಿಗೆ. ಸಣ್ಣ ತೋಟದ ಲೈನಿಗೆ ಧಣಿಯೂ ಕಾನೂನಿನ ಹೊರಗೆ. ಖಾಸಗಿ ಜಾಗ ಎಂಬ ಕಾರಣಕ್ಕೆ ಪಂಚಾಯತ್ ಪೈಪು ಗೇಟಿನ ತನಕ. ಅಸ್ಸಾಮಿನಿಂದ ಬಂದವನ ಓಟು ಅಸ್ಸಾಮಿನಲ್ಲಿ. ಅವನು ಗ್ರಾಮಸಭೆಯ ಸದಸ್ಯನೂ ಅಲ್ಲ. ಒಂದು ಊರಿನಲ್ಲಿ ದುಡಿದು ಆ ಊರಿನ ಸಭೆಯಲ್ಲಿ ಬಾಯಿ ಇಲ್ಲದವರು ಎಷ್ಟು ಮಂದಿ ಇರಬಹುದು ಎಂಬ ಪ್ರಶ್ನೆಯನ್ನು ಹೊರಗಿನಿಂದ ಬಂದವರ ಬಗ್ಗೆ ಗುಲ್ಲೆಬ್ಬಿಸುವವರು ಕೇಳುವುದಿಲ್ಲ. ಅವರಿಗೆ ಬೇಕಾದದ್ದು ಗುರುತಿನ ಚೀಟಿ, ನೀರಿನ ನಲ್ಲಿಯಲ್ಲ.

ಸ್ವಂತ ಜನ ಸಾಲದಾಗ ಸರಕಾರ ಕಂಡುಕೊಂಡ ದಾರಿ ಸಹಭಾಗಿತ್ವ. ಇದರಲ್ಲಿ ಒಳ್ಳೆಯದೂ ಇದೆ. ರಾಜ್ಯದ ಪಂಚಾಯತ್‌ಗಳು ಸಂಜೀವಿನಿ ಮಹಿಳಾ ಒಕ್ಕೂಟಗಳ ಜೊತೆ ಒಪ್ಪಂದ ಮಾಡಿಕೊಂಡು ಒಣ ಕಸ ಎತ್ತುವ ಕೆಲಸ ಕೊಟ್ಟಿವೆ. ಹಳ್ಳಿಯ ಹೆಂಗಸರು ಡ್ರೈವಿಂಗ್ ಕಲಿತು 'ಸ್ವಚ್ಛವಾಹಿನಿ' ಓಡಿಸುವುದನ್ನು ಕಂಡಾಗ ನಿಜಕ್ಕೂ ಸಂತೋಷವಾಗುತ್ತದೆ. ನಮ್ಮ ಮನೆಗಳಲ್ಲಿ ಹೆಣ್ಣುಮಗಳು ಸ್ಕೂಟರ್ ಓಡಿಸುವುದಕ್ಕೇ ಚರ್ಚೆ ನಡೆದ ಕಾಲ ಬಹಳ ಹಿಂದಿನದಲ್ಲ. ಆದರೆ ಒಪ್ಪಂದವನ್ನು ಬಿಡಿಸಿ ನೋಡಿದರೆ ಅವರು ಪಂಚಾಯತ್ ನೌಕರರಲ್ಲ, ಒಕ್ಕೂಟದ ಸದಸ್ಯರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಮುಂದೆ ಮನೆ ಅಂಗಡಿಗಳ ಶುಲ್ಕದಿಂದಲೇ ಅದು ಹುಟ್ಟಬೇಕೆಂಬ ನಿರೀಕ್ಷೆ. ಅಂದರೆ ಹಿಂದಿನ ಬಿಲ್ ಕಲೆಕ್ಟರನ ಕಥೆಯೇ ಸೀರೆ ಉಟ್ಟು ಬಂದಿದೆ. ಮನೆಗಳು ದೂರ ದೂರ ಇರುವ ಕಡೆ ಒಂದು ದಿನದಲ್ಲಿ ಎಷ್ಟು ಮನೆ ಮುಟ್ಟಬಹುದು, ಡೀಸೆಲ್ ಎಷ್ಟು, ಶುಲ್ಕ ಎಷ್ಟು? ಈ ಲೆಕ್ಕ ಬಯಲಿನಲ್ಲಿ ಕೂಡಿದರೂ ಕೊಡಗಿನಲ್ಲಿ ಕೂಡುವುದು ಕಷ್ಟ. ಸಹಭಾಗಿತ್ವ ಎಂಬ ಶಬ್ದದಲ್ಲಿ ಭಾಗ ಎಂಬುದಿದೆ, ಯಾವ ಭಾಗ ಯಾರಿಗೆ ಎಂದು ಕೇಳಬೇಕು.

ಗ್ರಂಥಾಲಯದ ವಿಷಯ ಸ್ವಲ್ಪ ಬೇರೆ. ಹಳ್ಳಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು, 'ಅರಿವು ಕೇಂದ್ರ' ಎಂಬ ಹೆಸರು ಪಡೆದವು. ಮಕ್ಕಳಿಗೆ ಉಚಿತ ಸದಸ್ಯತ್ವ, ಕಂಪ್ಯೂಟರು, ಕೆಲವು ಕಡೆ ಖಾಸಗಿ ಪ್ರತಿಷ್ಠಾನಗಳ ನೆರವು. ದಶಕಗಳ ಕಾಲ ಅರೆಕಾಲಿಕ ಗೌರವಧನದಲ್ಲಿ ಬೀಗ ತೆರೆದು ಮುಚ್ಚುತ್ತಿದ್ದ ಮೇಲ್ವಿಚಾರಕರಿಗೆ ಸ್ವಲ್ಪ ಮರ್ಯಾದೆಯೂ ಸಿಕ್ಕಿತು. ಕೆಲಸಗಾರನನ್ನು ಎತ್ತಿದರೆ ಕೆಲಸ ಏಳುತ್ತದೆ ಎಂಬುದಕ್ಕೆ ರಾಜ್ಯದಲ್ಲೇ ಉದಾಹರಣೆ ಬೇಕಾದರೆ ಇದು.

ತಡಿಯಂಡಮೋಳ್ ನೆತ್ತಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಕಾಣುವುದು ಕೇರಳ. ಅಲ್ಲಿ 1996ರ ಜನಕೀಯ ಯೋಜನೆಯಿಂದ ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಆದರೆ ನನಗೆ ಮುಖ್ಯವೆನಿಸುವುದು ಹಣಕ್ಕಿಂತ ಜನ. ಕೃಷಿ ಭವನ, ಪಶು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸಿಬ್ಬಂದಿ ಸಮೇತ ಗ್ರಾಮ ಪಂಚಾಯತ್‌ಗೆ ಒಪ್ಪಿಸಿದರು. ನಮ್ಮಲ್ಲಿ 73ನೇ ತಿದ್ದುಪಡಿಯ 29 ವಿಷಯಗಳ ಪಟ್ಟಿ ಗೋಡೆಯ ಮೇಲಿದೆ, ಆ ವಿಷಯಗಳ ನೌಕರರು ಇಲಾಖೆಗಳಲ್ಲೇ ಇದ್ದಾರೆ. ಕೇರಳವನ್ನು ಹೊಗಳಿ ಮುಗಿಸುವ ಚಟ ನನಗಿಲ್ಲ. ಗಡಿಯಾಚೆಯ ಕಾಸರಗೋಡಿನ ಕನ್ನಡಿಗರನ್ನು ಕೇಳಿ, ಬಲವಾದ ಪಂಚಾಯತ್ ಕಚೇರಿಗೆ ಕನ್ನಡ ಬಾರದ ಅಧಿಕಾರಿ ಬಂದು ಕೂತರೆ ಅರ್ಜಿ ಬರೆಯುವುದು ಎಷ್ಟು ಕಷ್ಟ ಎಂದು ಹೇಳುತ್ತಾರೆ. ಅಲ್ಲಿಯೂ ಹರಿತ ಕರ್ಮ ಸೇನೆಯ ಹೆಂಗಸರು ಮನೆ ಮನೆಯ ಶುಲ್ಕವನ್ನೇ ನಂಬಿಕೊಂಡಿದ್ದಾರೆ. ಆದರೂ ಕೆಲಸವನ್ನು ಇಳಿಸುವಾಗ ಕೆಲಸಗಾರನನ್ನೂ ಇಳಿಸಬೇಕು ಎಂಬ ಸರಳ ಮಾತು ಅವರಿಗೆ ಹೊಳೆಯಿತು.

ನಮಗೆ 2018ರ ಆಗಸ್ಟ್ ಆ ಪಾಠ ಹೇಳಿತ್ತು. ಮಡಿಕೇರಿ ತಾಲೂಕಿನ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದಾಗ ಸೇನೆ ಬಂತು, ಬೇರೆ ಬೇರೆ ತಂಡಗಳು ಬಂದವು. ಆದರೆ ಯಾವ ತಿರುವಿನ ಕೆಳಗೆ ಯಾರ ಮನೆ ಇದೆ, ಯಾರ ಮನೆಯಲ್ಲಿ ಎದ್ದು ನಡೆಯಲಾಗದ ಅಜ್ಜಿ ಇದ್ದಾಳೆ ಎಂಬುದನ್ನು ದಿನಾ ಆ ದಾರಿ ನಡೆದವನೇ ಹೇಳಬೇಕು. ನೀರು ಬಿಡುವವನು, ಕಂದಾಯಕ್ಕೆ ಹೋಗುವವನು, ಆಶಾ ಕಾರ್ಯಕರ್ತೆ, ಅಂಗನವಾಡಿಯಾಕೆ. ಆಮೇಲಿನ ವಿಪತ್ತು ನಿರ್ವಹಣೆಯ ಸಭೆಗಳಲ್ಲಿ ಉಪಗ್ರಹ ಚಿತ್ರಗಳ ಬಗ್ಗೆ ಮಾತು ಬಂದಷ್ಟು ಇವರ ಬಗ್ಗೆ ಬಂದದ್ದು ಪತ್ರಿಕೆಗಳಲ್ಲಿ ನನಗೆ ಕಾಣಲಿಲ್ಲ.

ಗ್ರಾಮಸಭೆಗೆ ಹತ್ತನೇ ಒಂದು ಭಾಗ ಮತದಾರರು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಬಂದರೆ ಕೋರಂ ಆಯಿತು. ಅಲ್ಲಿ ಚರ್ಚೆಗೆ ಬರುವುದು ರಸ್ತೆ, ಮನೆ, ದೀಪ, ಆನೆಕಾಟ. ಎಲ್ಲವೂ ಬೇಕಾದದ್ದೇ. ಅದರ ಜೊತೆ ಇನ್ನೊಂದು ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಲು ಯಾವ ಕಾನೂನಿನ ತಿದ್ದುಪಡಿಯೂ ಬೇಕಾಗಿಲ್ಲ: ನಮ್ಮ ಪಂಚಾಯತ್‌ನಲ್ಲಿ ದುಡಿಯುವವರು ಎಷ್ಟು ಮಂದಿ, ಯಾರ ಅನುಮೋದನೆ ಎಷ್ಟು ವರ್ಷದಿಂದ ಬಾಕಿ, ಕಸದ ಗಾಡಿಯವರಿಗೆ ಕಳೆದ ತಿಂಗಳು ಎಷ್ಟು ಸಿಕ್ಕಿತು, ಮಳೆಗಾಲದಲ್ಲಿ ನೀರುಗಂಟಿಗೆ ಬೂಟು, ರೈನ್‌ಕೋಟು, ಟಾರ್ಚು ಕೊಟ್ಟಿದೆಯೇ. ಓದಿ ಹೇಳಲು ಐದು ನಿಮಿಷ ಬೇಕು. ಆ ಐದು ನಿಮಿಷ ನೀರುಗಂಟಿಯನ್ನು ಬಾಗಿಲ ಬಳಿಯಿಂದ ಕರೆದು ಸದಸ್ಯರ ಸಾಲಿನಲ್ಲಿ ಕೂರಿಸಬಹುದು. ಆ ಕುರ್ಚಿಗಳನ್ನು ಬೆಳಿಗ್ಗೆ ತಂದು ಜೋಡಿಸಿದವನೂ ಅವನೇ ಆಗಿರುತ್ತಾನೆ.